‘ಊಟ ಆತೇನ್ರಿ’ಗೆ ಎರಡನೆಯ ಉತ್ತರ

ಮೆಟ್ಟಿಲ ಗೋಡೆಗೆ ನಿನ್ನೆಯಿಂದ ಬಣ್ಣ ಬಳಿಯುತ್ತಿದ್ದಾರೆ. ಹೊಸಪೇಟೆಯಲ್ಲಿ ನಾನು ಬಾಡಿಗೆಗಿರುವುದು ಮಹಡಿಯ ಒಂದು ಕೋಣೆ. ಗೋಡೆ ಮಾಲೀಕರದು, ವಾಸನೆ ಮಾತ್ರ ನನ್ನದು. ಇವತ್ತು ಮಧ್ಯಾಹ್ನ ಆ ಹಸಿ ಬಣ್ಣಕ್ಕೆ ಸೀರೆ ತಾಗದಂತೆ ಇಳಿಯುತ್ತಿದ್ದಾಗ, ಕೆಳಗೆ ಹೊಸ್ತಿಲಲ್ಲಿ ಕೂತಿದ್ದ ಮಾಲೀಕರ ಹೆಂಡತಿ ಶಾಂತಕ್ಕ, “ಊಟ ಆತೇನ್ರಿ?” ಎಂದರು. “ಆತ್ರಿ” ಎಂದೆ. ಆಗಿರಲಿಲ್ಲ, ಖಾನಾವಳಿಗೇ ಹೊರಟಿದ್ದೆ. ಆದರೆ ಈ ಪ್ರಶ್ನೆಗೆ ನಮ್ಮ ಕಡೆ ಇರುವುದು ಒಂದೇ ಉತ್ತರ ಎಂಬುದು ನಿಮಗೂ ಗೊತ್ತು. ಎರಡನೆಯ ಉತ್ತರವೂ ಒಂದಿದೆ ಎಂದು ನಾನು ಕಂಡದ್ದು ಕೆಲವು ವರ್ಷಗಳ ಹಿಂದೆ, ಹ್ಯಾನಾ ಎಂಬ ಹುಡುಗಿಯಿಂದ. ಆಗಲೂ ಗಾಳಿಯಲ್ಲಿ ಇದೇ ವಾಸನೆಯಿತ್ತು.

ಆಗ ನಾನು ಇಂಗ್ಲಿಷ್ ಎಂ.ಎ. ಮುಗಿಸಿ, ಮರಿಯಮ್ಮನಹಳ್ಳಿಯ ಮನೆಯಲ್ಲಿ ಕೂತು, ಯಾರಿಗೂ ಉಪಯೋಗವಾಗದಂತೆ ಓದುತ್ತಿದ್ದೆ. ಅಮೆರಿಕದ ಯಾವುದೋ ಚರ್ಚಿನ ಯುವಕ ಯುವತಿಯರು ಸೇವೆಗೆಂದು ಬಂದಿದ್ದಾರೆ, ಅನುವಾದಕ್ಕೆ ನಾನು ಬೇಕು ಎಂದು ಹೊಸಪೇಟೆಯ ಪಾಸ್ಟರೊಬ್ಬರು ಮನೆಗೇ ಬಂದರು. ಅವರ ಇಂಗ್ಲಿಷೆಲ್ಲ ಮೂಗಿನಿಂದ ಬರುತ್ತದೆ, ತಮ್ಮ ಕಿವಿಗೆ ಹತ್ತುವುದಿಲ್ಲ ಎಂದರು. ಅವ್ವನಿಗೆ ಇದ್ದದ್ದು ಒಂದೇ ಸಂಶಯ: ಇವರು ಮಗಳನ್ನು ತಮ್ಮ ಮತಕ್ಕೆ ಸೇರಿಸಿಕೊಂಡುಬಿಟ್ಟರೆ? ಪಾಸ್ಟರ್ ನನ್ನ ಮುಖವನ್ನು ಒಮ್ಮೆ ನೋಡಿ, “ಮೇಡಂ ನಗೋದೇ ನಾ ಇನ್ನೂ ನೋಡಿಲ್ರಿ, ಮತ ಬದ್ಲು ಮಾಡೋದು ದೂರ ಉಳೀತು” ಎಂದರು. ಅವ್ವನಿಗೆ ಸಮಾಧಾನವಾಯಿತು. ನನಗೆ ಆಗಬೇಕೋ ಬೇಡವೋ ತಿಳಿಯಲಿಲ್ಲ.

ಅವರ ಪಾಲಿಗೆ ಬಂದ ಸೇವೆ ನಮ್ಮೂರ ಅಂಗನವಾಡಿಯ ಕಾಂಪೌಂಡ್ ಗೋಡೆಗೆ ಬಣ್ಣ ಬಳಿಯುವುದು. ತಂಡದ ಮುಖ್ಯಸ್ಥ ಬಿಳಿ ಬಣ್ಣವೇ ಆಗಬೇಕೆಂದ, ಶುಭ್ರತೆಯ ಸಂಕೇತವಂತೆ. ಆ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತವೆ ಎಂದು ನಾನು ಹೇಳಿದ್ದನ್ನು ಅವನು ಸುರಕ್ಷತೆಯ ಎಚ್ಚರಿಕೆ ಎಂದು ತಿಳಿದು, ಮಕ್ಕಳನ್ನೆಲ್ಲ ರಸ್ತೆಯಿಂದ ಈಚೆ ನಿಲ್ಲಿಸಿದ. ಬೆಳಿಗ್ಗೆ ಇವರು ಬಳಿದದ್ದನ್ನು ಸಂಜೆಯೊಳಗೆ ಲಾರಿಗಳು ಧೂಳೆಬ್ಬಿಸಿ ಕೆಂಪಾಗಿ ತಿದ್ದುತ್ತಿದ್ದವು. ಮರುದಿನ ಮತ್ತೆ ಬಿಳಿ. ಎರಡೂ ಕಡೆ ಶ್ರದ್ಧೆಗೆ ಕೊರತೆಯಿರಲಿಲ್ಲ.

ಕೆಲಸ ಸಾಗದಿರುವುದಕ್ಕೆ ಇನ್ನೊಂದು ಕಾರಣ ಊಟ. ದಾರಿಯಲ್ಲಿ ಹೋಗುವವರೆಲ್ಲ ಅವರನ್ನು “ಊಟ ಆತೇನ್ರಿ?” ಎಂದು ಮಾತನಾಡಿಸಿದರು. ನಾನು ಅಕ್ಷರ ಬಿಡದೆ ಅನುವಾದಿಸಿದೆ. ಪ್ರಾಮಾಣಿಕ ಮಕ್ಕಳು, ಬೆಳಿಗ್ಗೆ ಹತ್ತಕ್ಕೆ ಯಾರ ಊಟ ಆಗಿರುತ್ತದೆ? ಇಲ್ಲ ಎಂದರು. ‘ಇಲ್ಲ’ ಎಂದ ಅತಿಥಿಯನ್ನು ಏನು ಮಾಡಬೇಕೆಂದು ಯೋಚಿಸುವ ಪ್ರಸಂಗವೇ ನಮ್ಮ ಊರಿಗೆ ಅದುವರೆಗೆ ಬಂದಿರಲಿಲ್ಲ. ಒಂದೊಂದು ಮನೆಯವರೂ ಕರೆದು, ಕೂರಿಸಿ, ಬಡಿಸಿದರು. ಸೇವೆಗೆ ಬಂದವರು ಸೇವಿಸಿದ್ದೇ ಹೆಚ್ಚಾಯಿತು. ಡಬ್ಬಿಯಲ್ಲಿ ಬಣ್ಣ ಕೆನೆಗಟ್ಟಿತು.

ಹ್ಯಾನಾ ಅವರಲ್ಲೇ ಚಿಕ್ಕವಳು. ಮೂಗಿನ ಮೇಲೆ ಸದಾ ಒಂದು ಬಿಳಿ ಚುಕ್ಕೆ. ತನ್ನ ಸಂಕಟವನ್ನು ಗೋಡೆಯ ನೆರಳಲ್ಲಿ ಕೂತು ನನಗೆ ಹೇಳಿಕೊಂಡಿದ್ದಳು: ಊರಿಗೆ ಮರಳಿದ ಮೇಲೆ ಚರ್ಚಿನಲ್ಲಿ ಎಲ್ಲರೆದುರು ನಿಂತು, ಯಾರಿಗೆ ಏನು ನೆರವಾದೆ ಎಂದು ಸಾಕ್ಷಿ ಹೇಳಬೇಕು. ಅವಳು ಇಲ್ಲಿ ಯಾರಿಗೂ ನೆರವಾಗಿರಲಿಲ್ಲ. ಎಲ್ಲರೂ ಅವಳಿಗೇ ಬಡಿಸಿದ್ದರು. ಕೊನೆಗೆ ಅವಳೇ ಒಂದು ಉಪಾಯ ಹುಡುಕಿ, ಪ್ರಶ್ನೆಯನ್ನು ಕಲಿತಳು, ಅದರ ಎರಡು ಉತ್ತರಗಳನ್ನೂ ಕಲಿತಳು, ಸಿಕ್ಕವರನ್ನೆಲ್ಲ ಕೇಳತೊಡಗಿದಳು. ಕೇಳಿ ಸುಮ್ಮನೆ ಮುಂದೆ ಹೋಗುತ್ತಿರಲಿಲ್ಲ, ನಿಂತು ಉತ್ತರಕ್ಕೆ ಕಾಯುತ್ತಿದ್ದಳು. ಎಲ್ಲರೂ “ಆತವ್ವ” ಎನ್ನುತ್ತಿದ್ದರು. ಅವಳ ಮುಖ ಸಣ್ಣದಾಗುತ್ತಿತ್ತು.

ಅಂಗನವಾಡಿಯ ಪಕ್ಕದ್ದೇ ನನ್ನ ಚಿಗವ್ವ ನಾಗಮ್ಮನ ಮನೆ. ಅವ್ವನ ತಂಗಿ. ಆ ಬೇಸಿಗೆಯಲ್ಲಿ ಮಗನ ಮದುವೆ ಮಾಡಿ ಕಂಪ್ಲಿಯಿಂದ ಸವಿತಾಳನ್ನು ಸೊಸೆಯಾಗಿ ತಂದುಕೊಂಡಿದ್ದಳು. ಅಲ್ಲಿಂದೀಚೆಗೆ ಚಿಗವ್ವ ಸೊರಗುತ್ತ ಬಂದಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಶುಗರ್ ಇರಬೇಕೆಂದು ಅವ್ವ ರಕ್ತ ಪರೀಕ್ಷೆ ಮಾಡಿಸಿದಳು, ಏನೂ ಇರಲಿಲ್ಲ. ಹಿಂದಿನ ವಾರವಷ್ಟೇ ಕೊಡ ಎತ್ತುವಾಗ ಕಣ್ಣು ಕತ್ತಲೆ ಬಂದು ಕೂತಿದ್ದಳು. ಅವ್ವ ದಿನವೂ ಹೆದರಿಕೊಂಡೇ ಕೇಳುತ್ತಿದ್ದಳು, ಊಟ ಆತೇನೇ ಎಂದು. ಆಗಿದೆ ಎನ್ನುತ್ತಿದ್ದಳು ಚಿಗವ್ವ.

ಆ ದಿನ ಹ್ಯಾನಾ ಕಟ್ಟೆಯ ಮೇಲೆ ಕೂತಿದ್ದ ಚಿಗವ್ವನ ಮುಂದೆ ಬ್ರಶ್ ಹಿಡಿದೇ ನಿಂತು ತನ್ನ ಪ್ರಶ್ನೆ ಕೇಳಿದಳು. ನಾನು ಪಕ್ಕದಲ್ಲಿ ಬಕೆಟ್ ತೊಳೆಯುತ್ತಿದ್ದೆ. ಚಿಗವ್ವ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಇವಳಿಗೇನು ತಿಳಿಯುತ್ತದೆ ಎಂದುಕೊಂಡಿರಬೇಕು. ಎಮ್ಮೆಯ ಹತ್ತಿರ ಕಷ್ಟ ಹೇಳಿಕೊಳ್ಳುವ ದನಿಯಲ್ಲಿ ಹೇಳಿದಳು:

“ಇಲ್ಲವ್ವ. ಹೊತ್ತೊತ್ತಿಗೂ ಅನ್ನ ಮಾಡ್ತಾಳ ಆ ಕಂಪ್ಲಿಯಾಕಿ. ರೊಟ್ಟಿ ಉಂಡ ಹೊಟ್ಟಿ ಇದು. ನನ್ನ ಮನ್ಯಾಗ ನಾನ ರೊಟ್ಟಿ ಬೇಡ್ಲೇನು? ಮಂಡಕ್ಕಿ ತಿಂದು ನೀರು ಕುಡದು ಮಕ್ಕೊಂತೀನಿ.”

ಕಂಪ್ಲಿ ಕಾಲುವೆ ನೀರಿನ, ಭತ್ತದ ಸೀಮೆ. ನಮ್ಮದು ಮಳೆ ನಂಬಿದ ಜೋಳದ ಸೀಮೆ. ಇಷ್ಟು ಹತ್ತಿರದ ಎರಡು ಊರುಗಳ ನಡುವೆ ಒಬ್ಬ ಹೆಂಗಸು ಹಸಿದು ಸಾಯಬಹುದೆಂದು ನನಗೆ ಹೊಳೆದಿರಲಿಲ್ಲ. ಹ್ಯಾನಾಳಿಗೆ ತಿಳಿದದ್ದು ಮೊದಲನೆಯ ಪದ ಮಾತ್ರ. ಅಷ್ಟು ಸಾಕಾಯಿತು. ಲಾಟರಿ ಹೊಡೆದವರಂತೆ ಅವಳ ಮುಖ ಅರಳಿತು. ಬೂಟು ಬಿಚ್ಚದೆ, ದಾರಿಯುದ್ದಕ್ಕೂ ಬಿಳಿ ಹನಿ ಚೆಲ್ಲುತ್ತ, ನೇರ ಅಡುಗೆಮನೆಗೆ ನುಗ್ಗಿ “ಊಟ ಇಲ್ಲ, ಊಟ ಇಲ್ಲ” ಎಂದು ಸವಿತಾಳ ಕೈ ಹಿಡಿದು ಎಳೆದು ತಂದಳು.

ಚಿಗವ್ವ ನನ್ನತ್ತ ತಿರುಗಿದಳು. “ನೀ ಹೇಳಿದೇನಲೇ ಆಕೀಗೆ?”

ನಾನು ಹೇಳಿರಲಿಲ್ಲ. ನನ್ನ ಅನುವಾದಕಿಯ ಕೆಲಸದಲ್ಲಿ ಒಂದು ಪದವನ್ನೂ ಅನುವಾದಿಸದೆ ಮಾತು ಮುಟ್ಟಿದ್ದು ಅದೊಂದೇ ಸಲ.

ಸವಿತಾ ಕಟ್ಟೆಯ ಅಂಚು ಹಿಡಿದು ನಿಂತಳು. “ನೀವು ದೊಡ್ಡತ್ತಿ ಮನ್ಯಾಗ ಉಂಡು ಬರ್ತೀರಿ ಅನ್ಕೊಂಡಿದ್ದೆ ಅತ್ತಿ” ಎಂದಳು. ದೊಡ್ಡತ್ತಿ ಎಂದರೆ ನನ್ನ ಅವ್ವ. ಅವ್ವನೋ, ತನ್ನ ತಂಗಿ ಸೊಸೆಯ ಕೈಯಲ್ಲಿ ಉಣ್ಣುತ್ತಾಳೆಂದು ತಿಳಿದಿದ್ದಳು. ಆಮೇಲೆ ಸವಿತಾ, “ನನಗ ರೊಟ್ಟಿ ಬಡಿಯಾಕ ಬರಂಗಿಲ್ರಿ. ಕಲಿಸ್ರಿ ಅಂದ್ರ ನಗ್ತೀರಂತ ಸುಮ್ನಿದ್ದೆ” ಎಂದಳು.

ಚಿಗವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, “ನಗಂಗಿಲ್ಲ. ಹಿಟ್ಟು ತಾ” ಎಂದಳು.

ನಕ್ಕಳು. ಸವಿತಾಳ ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು, ಇದೇನು ಸಂಡೂರು ಗುಡ್ಡದ ನಕಾಶೆಯೇ ಎಂದು ಕೇಳಿದಳು. ಆಮೇಲೆ ಆ ಗುಡ್ಡವನ್ನು ಪೂರ್ತಿ ತಿಂದಳು. ಹ್ಯಾನಾ ಎದುರು ಕೂತು ಒಂದೊಂದು ತುತ್ತನ್ನೂ ನೋಡಿದಳು.

ಹೊರಡುವ ಮುನ್ನ ಅವರನ್ನು ಹಂಪಿ ತೋರಿಸಲು ಕರೆದುಕೊಂಡು ಹೋದೆವು. ಹಂಪಿ ಬಜಾರಿನಲ್ಲಿ ಮುಖ್ಯಸ್ಥನ ಬಾಳೆಹಣ್ಣನ್ನು ಮಂಗವೊಂದು ಕಸಿದುಕೊಂಡಿತು. ಆ ಪ್ರವಾಸದಲ್ಲಿ ಅವನ ಕೈಯಿಂದ ನೇರವಾಗಿ ನೆರವು ಪಡೆದ ಸ್ಥಳೀಯ ಅದೊಂದೇ. ಅಲ್ಲಿ ಹ್ಯಾನಾ ನನ್ನನ್ನು ಕೇಳಿದಳು, ಆ ಅಮ್ಮ ಬಡತನದಿಂದ ಹಸಿದಿದ್ದರೇ ಎಂದು. ಜೋಳ, ಭತ್ತ, ಅತ್ತೆ, ಸೊಸೆ ಎಲ್ಲವನ್ನೂ ವಿವರಿಸಲು ಬಾಯಿ ತೆರೆದೆ. ಆಮೇಲೆ, “ಹಸಿದಿದ್ದರು. ನೀನು ಕೇಳಿದ್ದಕ್ಕೆ ಉಂಡರು” ಎಂದಷ್ಟೇ ಹೇಳಿದೆ. ಅದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಅವರು ವಿಮಾನ ಏರುವ ಮೊದಲೇ ಗೋಡೆ ಕೆಂಪಾಗಿತ್ತು.

ಇದನ್ನೆಲ್ಲ ನೆನೆಯುತ್ತ ಗೇಟಿನ ತನಕ ಹೋಗಿದ್ದವಳು ಇವತ್ತು ತಿರುಗಿ ಬಂದೆ. ಶಾಂತಕ್ಕ ತಲೆಯೆತ್ತಿದರು.

“ಇಲ್ರಿ,” ಎಂದೆ, “ಊಟ ಆಗಿಲ್ಲ.”

ಅವರು ಒಂದು ಗಳಿಗೆ ನನ್ನನ್ನು ಹೊಸಬಳಂತೆ ನೋಡಿದರು. ನಾನು ಅವರ ಮನೆಗೆ ಬಾಡಿಗೆಗೆ ಬಂದು ಎರಡು ವರ್ಷವಾಗಿದೆ. “ಮತ್ತ ಅಲ್ಲೇ ಯಾಕ ನಿಂತೀರಿ? ಬರ್ರಿ, ಕುಂದ್ರಿ” ಎಂದು ಒಳಗೆ ನಡೆದರು.

ಪುಂಡಿಪಲ್ಯ, ರೊಟ್ಟಿ. ಪಲ್ಯಕ್ಕೆ ಉಪ್ಪು ತುಸು ಕಡಿಮೆಯಿತ್ತು. ಹೆಂಗಾಗೇತ್ರಿ ಎಂದು ಕೇಳಿದರು. ಒಂದೇ ದಿನಕ್ಕೆ ಎರಡು ಸತ್ಯ ನನ್ನಂಥವಳಿಗೆ ಹೆಚ್ಚಾಗುತ್ತದೆ. “ಭಾಳ ಚಲೋ ಆಗೇತ್ರಿ” ಎಂದೆ.