ನಲವತ್ತೇಳರಲ್ಲಿ ಕಲಿತ ಭಾಷೆ

ನನ್ನ ಮೊದಲ ಕಂಪ್ಯೂಟರ್ ಪುಸ್ತಕಕ್ಕೆ ನಾನು ಬೈಂಡು ಹಾಕಿದ್ದು ಎಂಟನೆಯ ತರಗತಿಯ ಮಕ್ಕಳು ಹಾಕುವ ಹಾಗೆ, ಕಂದು ಕಾಗದದಲ್ಲಿ, ಮೂಲೆಗಳನ್ನು ಒಳಕ್ಕೆ ಮಡಚಿ. ನಲವತ್ತೇಳು ವರ್ಷದ ಗಣಿತದ ಟೀಚರೊಬ್ಬಳು ಇಂಥದ್ದನ್ನು ಓದುತ್ತಾಳೆಂದು ಕಾಪುವಿನ ಬಸ್ಸಿನಲ್ಲಿ ಯಾರಿಗೂ ತಿಳಿಯಬಾರದೆಂಬ ನಾಚಿಕೆಯೂ ಆ ಕಾಗದದೊಳಗೆ ಮಡಚಿಕೊಂಡಿತ್ತು. ನಿಮ್ಮ ಹತ್ತಿರ ಮುಚ್ಚಿಡುವುದೇಕೆ?

ಹೊಸ ಶತಮಾನ ಹುಟ್ಟಿ ಎರಡು ವರ್ಷವಾಗಿತ್ತು. ನನ್ನ ಗಂಡ ಜಗನ್ನಾಥ ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್. ನಿಲ್ದಾಣಗಳ ಹೆಸರನ್ನು ಅವರು ಕೂಗುತ್ತಿದ್ದ ಠೀವಿಗೆ, ಇಳಿಯಬೇಕಾದವರೂ ಅರೆಕ್ಷಣ ಕೇಳುತ್ತಾ ಕೂತುಬಿಡುತ್ತಿದ್ದರು. ಆ ಸ್ವರದ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಒಂದು ಬೆಳಿಗ್ಗೆ ಬಲಗೈ ಸೋತು ಕುಸಿದರು. ಮಣಿಪಾಲದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಉಳಿಯಲಿಲ್ಲ. ಮೊದಲ ಸಲ ಬಾಯಿ ತೆರೆದಾಗ ಹೊರಬಂದ ಒಡಕು ಸದ್ದನ್ನು ಕೇಳಿ ಅವರೇ ಬೆಚ್ಚಿದರು. ಆಮೇಲೆ ತುಟಿ ಬಿಚ್ಚಲೇ ಇಲ್ಲ.

“ಮಾತು ಒಳಗೆ ಉಂಟು ಟೀಚರ್, ಹೊರಗೆ ಬರುವ ದಾರಿ ಮಾತ್ರ ಅವರಿಗೆ ಸಿಗುತ್ತಿಲ್ಲ” ಎಂದ ಥೆರಪಿಸ್ಟ್ ಹುಡುಗಿ, ನೀರು, ಅನ್ನ, ನೋವು ಎಂದು ಚಿತ್ರಗಳಿದ್ದ ಹಲಗೆಯೊಂದನ್ನು ಕೊಟ್ಟಳು. ಹಲಗೆಯ ಮೇಲೆ ಬೆರಳಿಟ್ಟು ತೋರಿಸಬಹುದು. ಆದರೆ ನಾನು ಅಡುಗೆಮನೆಯಲ್ಲಿದ್ದರೆ ಅದು ನನ್ನನ್ನು ಕೂಗಿ ಕರೆಯುವುದಿಲ್ಲವಲ್ಲ. ಒಂದು ದಿನ ಬಂದು ನೋಡಿದರೆ, ಬಾಯಾರಿ ಕೂತವರು ನೀರಿನ ಚಿತ್ರದ ಮೇಲೆ ಬೆರಳನ್ನು ಹಾಗೆಯೇ ಇಟ್ಟುಕೊಂಡಿದ್ದರು. ಎಷ್ಟು ಹೊತ್ತಿನಿಂದಲೋ! ಕೂಗಿ ಕರೆಯುವ ಹಲಗೆಯನ್ನು ಕಂಪ್ಯೂಟರಿನಲ್ಲಿ ಮಾಡಬಹುದೇನೋ ಎಂದು ಆ ವಾರವೇ ಉಡುಪಿಯ ಹಳೆ ಪುಸ್ತಕದಂಗಡಿಗೆ ಹೋದೆ.

ಕಂಪ್ಯೂಟರಿಲ್ಲದೆ ಕಂಪ್ಯೂಟರ್ ಕಲಿತವಳು ನಾನು. ಪ್ರೋಗ್ರಾಮನ್ನು ಗೆರೆ ಪುಸ್ತಕದಲ್ಲಿ ಬರೆದು, ಪೆನ್ಸಿಲನ್ನು ಸಾಲಿನಿಂದ ಸಾಲಿಗೆ ನಡೆಸುತ್ತಾ, ಯಂತ್ರದ ಕೆಲಸವನ್ನು ನಾನೇ ಮಾಡುತ್ತಿದ್ದೆ. ಶನಿವಾರ ಮಧ್ಯಾಹ್ನ ಹೆಡ್ಮಾಸ್ಟರ ಕೋಣೆಯಲ್ಲಿ ಹೊದಿಕೆ ಹೊದ್ದು ಕೂತಿದ್ದ ಶಾಲೆಯ ಏಕೈಕ ಕಂಪ್ಯೂಟರಿನಲ್ಲಿ ಅದನ್ನೇ ಟೈಪು ಮಾಡಿದರೆ, ಸಾಲಿಗೊಂದು ತಪ್ಪು. ಇಪ್ಪತ್ತು ವರ್ಷ ಮಕ್ಕಳ ತಪ್ಪು ಹುಡುಕಿದ ಕೈಗೆ ಅದು ಒಳ್ಳೆಯ ಪಾಠವೇ.

ಎಲ್ಲಕ್ಕಿಂತ ಕಾಡಿದ್ದು ‘x = x + 1’ ಎಂಬ ಒಂದು ಸಾಲು. ಯಾವ ಸಂಖ್ಯೆಯಾದರೂ ತನಗಿಂತ ಒಂದು ಹೆಚ್ಚಿರಲು ಸಾಧ್ಯವೇ? ಮಕ್ಕಳು ಬರೆದಿದ್ದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ. ಮೂರು ದಿನ ಪುಸ್ತಕದ ಮೇಲೆ ಮುನಿಸಿಕೊಂಡ ಬಳಿಕ ಹೊಳೆಯಿತು: ಇಲ್ಲಿ ಆ ಚಿಹ್ನೆ ಸಮ ಎನ್ನುತ್ತಿಲ್ಲ, ಇಟ್ಟುಕೋ ಎನ್ನುತ್ತಿದೆ. ಇದ್ದುದನ್ನು ತೆಗೆದುಕೋ, ಒಂದು ಸೇರಿಸು, ಅಲ್ಲೇ ಇಡು. ನಿನ್ನೆಯ ಮನುಷ್ಯ ಇಂದಿಲ್ಲವೆಂದು ಗೋಳಾಡುತ್ತಿದ್ದ ನನಗೆ, ಇದ್ದಲ್ಲಿಂದ ಒಂದು ಹೆಜ್ಜೆ ಎಂಬ ಆ ಬಡ ಲೆಕ್ಕ ಯಾವ ಸಾಂತ್ವನಕ್ಕಿಂತಲೂ ಹಿತವಾಗಿತ್ತು.

ಊರಿನ ಬ್ರೌಸಿಂಗ್ ಅಂಗಡಿ ಮುಚ್ಚಿದಾಗ ಅಲ್ಲಿನ ಹಳೆಯ ಕಂಪ್ಯೂಟರೊಂದು ಮನೆಗೆ ಬಂತು. ಏಳೆಂಟು ತಿಂಗಳ ಹೆಣಗಾಟದ ನಂತರ ನನ್ನ ಪ್ರೋಗ್ರಾಂ ಮಾತಾಡಿತು. ಅಂಕೆಗಳ ಗುಂಡಿಗಳ ಮೇಲೆ ಪುಟ್ಟ ಚಿತ್ರ ಅಂಟಿಸಿದ್ದೆ. ಒತ್ತಿದರೆ ನನ್ನದೇ ಸ್ವರ, “ನೀರು ಬೇಕು”, “ಊಟ ಬೇಕು”, “ಕಾಲು ನೋಯುತ್ತದೆ”. ಜಗನ್ನಾಥ ಎಡಗೈಯಿಂದ ಒಂದೊಂದನ್ನೂ ಒತ್ತಿ ಕೇಳಿದರು. ಆಮೇಲೆ ಮುಖ ತಿರುಗಿಸಿ ಕೂತರು. ವಾರವಾದರೂ ಮತ್ತೆ ಮುಟ್ಟಲಿಲ್ಲ.

ನನಗೆ ಅಳು ಬಂತು. ಅದನ್ನು ಕಂಡವರು ಜಗನ್ನಾಥರ ಬಸ್ಸಿನ ಡ್ರೈವರ್ ಸೀನಣ್ಣ. ಭಾನುವಾರ ತಪ್ಪದೆ ಬರುತ್ತಿದ್ದ ಗೆಳೆಯ. ಗುಂಡಿಗಳನ್ನೆಲ್ಲ ಒತ್ತಿ ನೋಡಿದವರು ಗಟ್ಟಿಯಾಗಿ ನಕ್ಕರು.

“ಎಂತ ಟೀಚರೇ ಇದು? ಬರೀ ಬೇಕು, ಬೇಕು! ಇವನು ಬೇಡುವ ಜನವಾ? ನನ್ನನ್ನು ಬೈಯದೆ ಇವನಿಗೆ ಒಂದು ಟ್ರಿಪ್ಪಾದರೂ ಮುಗಿದದ್ದುಂಟಾ ಮಾರಾಯ್ರೆ?”

ತಪ್ಪು ಯಾವ ಸಾಲಿನಲ್ಲಿತ್ತೆಂದು ನನಗೆ ಆಗ ತಿಳಿಯಿತು. ರೋಗಿಗೆ ಬೇಕಾದ್ದನ್ನೆಲ್ಲ ಬರೆದಿದ್ದೆ; ಮನುಷ್ಯನಿಗೆ ಬೇಕಾದ್ದನ್ನು ಬರೆದಿರಲಿಲ್ಲ. ಅಂದೇ ಸೀನಣ್ಣನನ್ನು ಮೈಕಿನ ಮುಂದೆ ಕೂರಿಸಿದೆ. “ಸುಮ್ಮನೆ ಕೂತುಕೋ ಮಾರಾಯ”, “ಎಂತ ಸುಳ್ಳು ನಿಂದು!”, “ಸಾರಿಗೆ ಉಪ್ಪು ಸಾಲದು” ಎಂದು ಅವರು ಹೇಳಿದ್ದೆಲ್ಲ ಗುಂಡಿಗಳೊಳಗೆ ಹೋಯಿತು. ಜಗನ್ನಾಥ ಮೊದಲು ಒತ್ತಿದ್ದು ಉಪ್ಪಿನದು. ಒತ್ತಿ, ನನ್ನತ್ತ ನೋಡಿ, ಸೋತಿರದ ಅರ್ಧ ಮುಖದಲ್ಲಿ ನಕ್ಕರು. ಅಂದಿನ ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು.

ಒಂಬತ್ತನೆಯ ಗುಂಡಿಗೆ ಏನು ಹಾಕುವುದೆಂದು ತೋಚದೆ ಖಾಲಿ ಬಿಟ್ಟಿದ್ದೆ. ಕೆಲವು ದಿನಗಳ ಮೇಲೆ ಅವರು ಅದನ್ನೊಮ್ಮೆ, ನನ್ನ ಭುಜವನ್ನೊಮ್ಮೆ ತಟ್ಟಿದರು. “ನನ್ನ ಹೆಸರಾ? ಸೀನಣ್ಣನ ಹತ್ತಿರ ಹೇಳಿಸುವುದಾ?” ಎಂದೆ. ತಲೆಯಾಡಿಸಿದರು, ಬೇಡ. ಮೈಕನ್ನು ಎಡಗೈಯಲ್ಲಿ ತಾವೇ ಹತ್ತಿರಕ್ಕೆ ಎಳೆದುಕೊಂಡರು. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಬಹಳ ಹೊತ್ತು ಪ್ರಯತ್ನಿಸಿದರು. ಕೊನೆಗೆ ಒಡಕಾಗಿ, ಮೆಲ್ಲಗೆ ಬಂತು:

“ಓ...ಯ್.”

ಮದುವೆಯಾದಂದಿನಿಂದ ಅವರು ನನ್ನನ್ನು ಕರೆದದ್ದೇ ಹಾಗೆ. ಈಗ ಅಡುಗೆಮನೆಗೆ ಆ ಸದ್ದು ಕೇಳಿಸಿದರೆ ನಾನು ತಕ್ಷಣ ಹೋಗುವುದಿಲ್ಲ. ಇನ್ನೊಮ್ಮೆ ಒತ್ತಲಿ ಎಂದು ಸ್ವಲ್ಪ ಕಾಯುತ್ತೇನೆ.