ಲಕ್ಕಿ ಮುಚ್ಚಿದ ಬಿಲ

ಸಂತೆಗುಳಿಯ ಲಕ್ಕಿಗೆ ದರಕು ಗುಡಿಸುವುದೆಂದರೆ ಅಂಗಳ ಗುಡಿಸಿದ ಹಾಗೆ, ಒಂದೆಲೆ ಉಳಿದರೂ ಸಮಾಧಾನವಿಲ್ಲ. ಬೇಸಿಗೆಯಲ್ಲಿ ಗುಡ್ಡದ ಒಣ ಎಲೆಯನ್ನೆಲ್ಲ ಬಾಚಿ ಬುಟ್ಟಿಯಲ್ಲಿ ಹೊತ್ತು ತರುತ್ತಾಳೆ. ಮೊದಲು ಕೊಟ್ಟಿಗೆಗೆ ಹಾಸು, ಆಮೇಲೆ ಗದ್ದೆಗೆ ಗೊಬ್ಬರ. ಈ ಕೆಲಸದಲ್ಲಿ ಅವಳನ್ನು ಮೀರಿಸುವವರು ಕೇರಿಯಲ್ಲಿಲ್ಲ.

ಈ ಸಲ ಅದೇ ಮುಳುವಾಯಿತು. ಹಾಳು ಅಚ್ಚುಕಟ್ಟು! ಮತ್ತಿಮರದ ಬುಡದಲ್ಲಿ ಎಲೆ ಬಾಚಿದ್ದೇ ಮುಳ್ಳುಹಂದಿಯ ಬಿಲದ ಬಾಯಿ ಬಯಲಾಯಿತು. ಒಳಗೆ ತಾಯಿ, ಒಂದು ಪುಟ್ಟ ಮರಿ. ಮೊದಲು ಈ ಗುಡ್ಡದ ತುಂಬ ಇಂಥ ಬಿಲಗಳಿದ್ದವು. ಕುರುಚಲು ಕಡಿದು ಅಕೇಶಿಯಾ ನೆಟ್ಟರು, ಮಣ್ಣಿಗಾಗಿ ಅರ್ಧ ಗುಡ್ಡ ಬಗೆದರು, ಮಾಂಸದಾಸೆಗೆ ಉರುಳು ಇಟ್ಟರು. ಲಕ್ಕಿ ಕಂಡಂತೆ ಉಳಿದದ್ದು ಇದೊಂದೇ. ದಿನಾ ಒಮ್ಮೆ ಗುಡ್ಡ ಹತ್ತಿ ಅದನ್ನು ನೋಡಿ ಬರತೊಡಗಿದಳು.

"ನಮ್ ಗೆಣಸೆಲ್ಲ ತಿಂದದ್ ಸಾಲ್ದೆ? ಈಗ ಅದ್ಕೆ ಕಾವಲು ಬೇರೆ!" ಎಂದು ಗಂಡ ಸಣ್ಣ ರೇಗಿಸಿದ.

"ತಿಂದ್ರೆ ತಿನ್ಲಿ. ಅದ್ರ ಬಾಗ್ಲು ತೆಗ್ದವ್ಳು ನಾನಲ್ವೆ?" ಎಂದಳು ಲಕ್ಕಿ. ಒಂದು ಬುಟ್ಟಿ ಎಲೆ ಮರಳಿ ತಂದು ಸುರಿದಳು. ಗಾಳಿಗೆ ಅದು ನಿಲ್ಲಲಿಲ್ಲ.

ಮರುವಾರ ಕೇರಿಯಲ್ಲೊಂದು ಮದುವೆಯಾಯಿತು. ನಮ್ಮವರಿಗೆ ಕೋಳಿ ಊಟ ಹಾಕಲು ಗೊತ್ತು, ಎಲುಬು ಎಲ್ಲಿ ಎಸೆಯಬೇಕೆಂದು ಗೊತ್ತಿಲ್ಲ! ಗುಡ್ಡದ ಬುಡಕ್ಕೇ ಚೆಲ್ಲಿದರು. ಎಲ್ಲೆಲ್ಲಿಯ ನಾಯಿಗಳೋ ಬಂದು ಸೇರಿದವು. ಎಲುಬು ಮುಗಿದ ಮೇಲೂ ಹೋಗದೆ, ಮೂಸುತ್ತ ಗುಡ್ಡ ಹತ್ತತೊಡಗಿದವು.

ಲಕ್ಕಿ ಅವುಗಳ ಹಿಂದೆಯೇ ಓಡಿದಳು. ಕಲ್ಲು ಹೊಡೆದಳು, ಕೂಗಿ ಕೂಗಿ ಗಂಟಲು ಒಡೆದುಕೊಂಡಳು. ಇತ್ತ ಓಡಿಸಿದರೆ ಅತ್ತಲಿಂದ ಬಂದವು. ಕೊನೆಗೆ, ಕೋಳಿಗೂಡು ಮುಚ್ಚುವ ಹೊತ್ತಿಗೆ, ಗೂಡಿನ ಬಾಗಿಲಿಗೆ ಒತ್ತುವ ಚಪ್ಪಡಿಯನ್ನೇ ಹೊತ್ತು ತಂದು ಬಿಲದ ಬಾಯಿಗೆ ಇಟ್ಟಳು. ಸಂದಿಗೆಲ್ಲ ಮುಳ್ಳು ತುರುಕಿದಳು.

"ಒಂದ್ ರಾತ್ರಿ ಉಪಾಸ ಇದ್ರೆ ಎಂತದೂ ಆಗೂದಿಲ್ಲ. ಬೆಳಗಾದ್ ಕೂಡ್ಲೆ ತೆಗ್ದ್ರಾತು" ಎಂದು ಸಣ್ಣನಿಗೆ ಹೇಳಿದಳು.

ಬೆಳಗ್ಗೆ ಇಬ್ಬರೂ ಹೋದಾಗ ತಾಯಿ ಕಲ್ಲಿನ ಹೊರಗೆ ಸತ್ತು ಬಿದ್ದಿತ್ತು. ಲಕ್ಕಿ ಮುಚ್ಚುವ ಮೊದಲೇ ಅದು ಮೇವಿಗೆ ಹೊರಟುಬಿಟ್ಟಿತ್ತು. ಮರಳಿ ಬಂದಾಗ ಒಳಗೆ ಹೋಗಲು ದಾರಿಯಿಲ್ಲ. ಚಪ್ಪಡಿಯ ಬುಡವನ್ನೆಲ್ಲ ಉಗುರಿನಿಂದ ಕೆರೆದಿತ್ತು. ಹೊಟ್ಟೆ ತುಂಬಿದ್ದ ನಾಯಿಗಳು ಅದನ್ನು ತಿಂದೂ ಇರಲಿಲ್ಲ, ಕಚ್ಚಿ ಬಿಟ್ಟು ಹೋಗಿದ್ದವು.

"ಅಯ್ಯಯ್ಯೋ, ನಾನೇ ಕೊಂದೆ!" ಲಕ್ಕಿ ಕುಸಿದು ಕೂತಳು. ತಡೆಯಲಾರದಷ್ಟು ಅಳು ಬಂತು. ಸಣ್ಣನೇ ಮುಳ್ಳು ಕಿತ್ತು ಚಪ್ಪಡಿ ಸರಿಸಿದ.

ಮರಿ ಹೊರಗೆ ಬಂತು. ಮನುಷ್ಯರಿದ್ದಾರೆಂಬ ಹೆದರಿಕೆಯೂ ಅದಕ್ಕಿರಲಿಲ್ಲ. ಲಕ್ಕಿಯ ಕಾಲು ದಾಟಿಕೊಂಡು ಹೋಗಿ, ತಾಯಿಯ ಪಕ್ಕೆಗೆ ಮೂತಿಯೊತ್ತಿ ಹಾಲು ಹುಡುಕಿತು. ಕೆಳಗೆಲ್ಲೋ ನಾಯಿ ಬೊಗಳಿತು.

"ಬೇಗ ಎತ್ಕ, ಮನಿಗೆ ಹೋಗ್ವ" ಎಂದ ಸಣ್ಣ.

ಲಕ್ಕಿ ಸೆರಗು ಹಾಸಿ, ಎರಡೂ ಕೈಯಿಂದ ಮರಿಯನ್ನು ಎಳೆದಳು. ಅದು ತಾಯಿಯನ್ನು ಬಿಡಲಿಲ್ಲ.