ಚಿಕ್ಕತಾಯಕ್ಕ ಕಟ್ಟಿದ ತಡಿಕೆ

ಚಿಕ್ಕತಾಯಕ್ಕನ ಎಡಕಿವಿಯ ಹಾಲೆ ಎರಡಾಗಿ ಸೀಳಿತ್ತು. ಕುಡಿದು ಬಂದ ಗಂಡ ಓಲೆ ಸಮೇತ ಕಿತ್ತಿದ್ದನಂತೆ. ಯಾರಾದರೂ ಕೇಳಿದರೆ, "ಅವ್ನು ಸತ್ತ, ಕಿವಿ ಉಳ್ಕತು" ಎಂದು ಕೈಯಲ್ಲಿದ್ದ ಬಿದಿರನ್ನು ಒಂದೇ ಏಟಿಗೆ ಸೀಳುತ್ತಿದ್ದಳು.

ಬುಟ್ಟಿ ಹೆಣೆದು ಬದುಕುತ್ತಿದ್ದ ಅವಳ ಬಳಿ ನಾನು ಹೋದದ್ದು ಕೊಳ್ಳೇಗಾಲದ ನಮ್ಮ ಸಣ್ಣ ಸಂಸ್ಥೆಯ ಕೆಲಸಕ್ಕೆ. ಬಡವರ ಮನೆಗಳಲ್ಲಿ ಅಂಬೆಗಾಲಿಡುವ ಕೂಸುಗಳು ಕೋಳಿಹಿಕ್ಕೆ, ಮಣ್ಣು ಎಲ್ಲವನ್ನೂ ಬಾಯಿಗಿಟ್ಟು ಭೇದಿಗೆ ಬೀಳುತ್ತಿದ್ದವು. ಅವಕ್ಕೆ ಆಡಲು ಚೊಕ್ಕಟವಾದ ಜಾಗ ಮಾಡಿಕೊಡಬೇಕಿತ್ತು. ಅದಕ್ಕೆಂದು ನಾನು ಮಾಡಿಸಿದ್ದ ಪ್ಲಾಸ್ಟಿಕ್ ಕಟಕಟೆಯನ್ನು ಚಿಕ್ಕತಾಯಕ್ಕ ಬಿಸಿಲಲ್ಲಿಟ್ಟು, ಅಂಗೈ ಒತ್ತಿ ನೋಡಿ, "ಕೂಸ ಬೇಯ್ಸಕ ಮಾಡ್ಸಿದ್ದೀರಾ ಸಾ?" ಎಂದಳು.

ಆಮೇಲೆ ಅವಳೇ ಬಿದಿರಿನ ತಡಿಕೆ ಕಟ್ಟಿದಳು. ದುಂಡನೆಯ ಗಿಡ್ಡ ಬೇಲಿ. ಕೆಳಗೆ ತೊಳೆದು ಒಣಹಾಕುವಂಥ ಟಾರ್ಪಾಲು. ಕೂಸಿನ ತಲೆ ತೂರದಂತೆ ಸಂದು ಎರಡೇ ಬೆರಳಗಲ. ಸಿಬಿರು ಉಳಿಯದಂತೆ ಗಾಜಿನ ಚೂರಿನಿಂದ ಹೆರೆದು, ಒಂದೊಂದು ಬಿದಿರ ದಬ್ಬೆಯನ್ನೂ ತನ್ನ ಕೆನ್ನೆಗೆ ಉಜ್ಜಿ ನೋಡುತ್ತಿದ್ದಳು. ಅವಳ ಮೊಮ್ಮಗಳು ಭೇದಿಯಲ್ಲೇ ತೀರಿಹೋದದ್ದೆಂದು ನನಗೆ ಹೇಳಿದವಳು ಮುಳ್ಳೂರಿನ ಅವಳ ತಂಗಿ. ಚಿಕ್ಕತಾಯಕ್ಕ ತಾನಾಗಿ ಒಂದು ದಿನವೂ ಹೇಳಲಿಲ್ಲ.

ಮೊದಲ ತಡಿಕೆಯನ್ನು ಕೌದಳ್ಳಿ ಕಡೆಯ ಒಂದು ಮನೆಗೆ ಕೊಟ್ಟೆವು. ವಾರದ ಮೇಲೆ ಇಬ್ಬರೂ ನೋಡಲು ಹೋದಾಗ ಅದರೊಳಗೆ ಹುಂಜ ನಿಂತಿತ್ತು. ಮನೆಯ ಯಜಮಾನ ಕೆಂಪ ಜೂಜಿಗೆ ಸಾಕಿದ್ದು. ಕೂಸು ಹೊರಗೆ ಹಿಕ್ಕೆಯ ಮೇಲೆ ಕೂತಿತ್ತು. ಕೆಂಪನ ಹೆಂಡತಿ ಸಿದ್ದಿಯ ತುಟಿ ಒಡೆದು ಬಾತಿತ್ತು. ಚಿಕ್ಕತಾಯಕ್ಕ ಹುಂಜವನ್ನು ಹೊರಗೆಸೆದು, ಟಾರ್ಪಾಲು ತೊಳೆದು, ಕೂಸನ್ನು ಒಳಗೆ ಕೂರಿಸಿದಳು.

ಕೆಂಪ ಒನಕೆ ಹಿಡಿದು ಬಂದ. ಮೊದಲ ಏಟು ಸಿದ್ದಿಯ ಬೆನ್ನಿಗೆ. ಎರಡನೆಯದು ತಡಿಕೆಗೆ, ಮೂರು ದಬ್ಬೆ ಮುರಿದು ಕೂಸಿನ ಪಕ್ಕ ಬಿದ್ದವು. ಮತ್ತೆ ಎತ್ತುವಷ್ಟರಲ್ಲಿ ಚಿಕ್ಕತಾಯಕ್ಕ ಕೂಸಿಗೆ ಅಡ್ಡ ಬಗ್ಗಿದ್ದಳು. ಒನಕೆ ಅವಳ ತಲೆಗೆ ಬಿತ್ತು. ರಕ್ತ ಕಣ್ಣಿಗಿಳಿಯುತ್ತಿದ್ದರೂ ಎದ್ದು, ಸೊಂಟದಲ್ಲಿದ್ದ ಬಿದಿರು ಸೀಳುವ ಕತ್ತಿಯಿಂದ ಅವನ ಮುಂಗೈಗೆ ಹೊಡೆದಳು. ಒನಕೆ ಕಳಚಿ ಬಿತ್ತು.

"ಇನ್ನೊಂದ್ ಕಯ್ಯೂ ಎತ್ತು" ಎಂದಳು, ಮೆಲ್ಲಗೆ.

ಅವನು ಎತ್ತಲಿಲ್ಲ. ನಾನು ಅಳತೆಯ ಟೇಪು ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಪೊಲೀಸ್ ಸ್ಟೇಷನ್ನಿನಲ್ಲಿ ಸಿದ್ದಿ ನಡೆದದ್ದನ್ನೆಲ್ಲ ಹೇಳಿದಳು. ಕೂಸನ್ನೆತ್ತಿಕೊಂಡು ಅಜ್ಜೀಪುರದ ತವರಿಗೆ ಹೋದಳು. ಮುರಿದ ತಡಿಕೆಯನ್ನೂ ಬಿಡಲಿಲ್ಲ. ಚಿಕ್ಕತಾಯಕ್ಕನ ತಲೆಯ ಹೊಲಿಗೆ ಮಾಗಿತು, ಆದರೆ ಒಳಪೆಟ್ಟಿಗೆ ಬಲಗೈ ದಿನೇ ದಿನೇ ಸ್ವಾಧೀನ ತಪ್ಪಿತು.

ಕೊನೆಯ ಸಲ ಕಂಡಾಗ ಗೋಡೆಗೊರಗಿ ಕೂತಿದ್ದಳು. ಅಂದು ಅಡ್ಡ ಬರದೆ ನಿಂತೆನಲ್ಲ, ತಪ್ಪಾಯಿತಕ್ಕ ಎಂದೆ. ಅವಳು ಸಿದ್ದಿಯ ಕೂಸು ಹೇಗಿದೆ ಎಂದು ಕೇಳಿದಳು. ನಡೆಯಲು ಕಲಿತಿದೆ ಎಂದೆ.

"ಅಂಗಾರ ಅದ್ಕ ಇನ್ನು ತಡಿಕ ಬ್ಯಾಡ. ರಿಪೇರಿ ಮಾಡಿ ಬ್ಯಾರೆ ಕೂಸ್ಗ ಕೊಡಿ."

ಹೊಸ ದಬ್ಬೆ ಕೂರಿಸುವುದನ್ನು ಎಡಗೈಯಲ್ಲೇ ತೋರಿಸಿಕೊಟ್ಟಳು.

ಯಳಂದೂರಿನ ಹತ್ತಿರದ ಮನೆಯೊಂದರಲ್ಲಿ ಸಿದ್ದಿಯ ತವರಿಂದ ತಂದು ರಿಪೇರಿ ಮಾಡಿದ್ದ ಆ ತಡಿಕೆಯನ್ನು ಇಳಿಸುತ್ತಿದ್ದಾಗ ಚಿಕ್ಕತಾಯಕ್ಕನ ತಂಗಿಯ ಫೋನು ಬಂತು. ಬೆಳಿಗ್ಗೆ ಅಕ್ಕ ತೀರಿಹೋದಳಂತೆ. ಆ ಮನೆಯ ತಾಯಿ ಕೂಸನ್ನು ಒಳಗೆ ಬಿಟ್ಟು, ಇದನ್ನು ಯಾರು ಕಟ್ಟಿದ್ದು ಎಂದು ಕೇಳಿದಳು. ನಾನು ಬಗ್ಗಿ, ಹೊಸ ದಬ್ಬೆಯನ್ನು ಕೆನ್ನೆಗೆ ಉಜ್ಜಿ ನೋಡಿ, ಚಿಕ್ಕತಾಯಕ್ಕ ಎಂದೆ.